ಬೀಡಿನ ಕೋಲು, ಉಕ್ಕಿನ ಗಾಲಿ

ಬುಲ್ಯಾರ್ ಕಾರ್ಖಾನೆಯಲ್ಲಿ ಫ್ಲೋರಿಬೆರ್ ವಾಲಾರ್ ಎಂದರೆ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವನು ಎಂದೇ ಹೆಸರು. ಸುಳ್ಳೇನಲ್ಲ. ಆದರೆ ಎಂಥ ಸಿಟ್ಟಿನಲ್ಲೂ ಅವನ ಉಳಿ ಗೆರೆ ದಾಟಿದ್ದನ್ನು ಕಂಡವರಿಲ್ಲ. ಅದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಒಳ್ಳೆಯದನ್ನು ಹೇಳಲು ಜನಕ್ಕೆ ನಾಲಿಗೆ ಏಳುವುದಿಲ್ಲ.

ಸ್ಕಾರ್ಪ್ ಹೊಳೆಯ ದಂಡೆಯಲ್ಲಿದ್ದ ಆ ಕಾರ್ಖಾನೆ ರೈಲು ಇಂಜಿನ್ ಕಟ್ಟುತ್ತಿತ್ತು. ಅಷ್ಟು ಕಬ್ಬಿಣದ ನಡುವೆ ಫ್ಲೋರಿಬೆರ್ ಮರದ ಕೆಲಸದವನು. "ಇಂಜಿನ್ನಲ್ಲಿ ಮರ ಎಲ್ಲಿದೆ ಮೇಸ್ತ್ರಿ?" ಎಂದು ಹೊಸಬ ಯಾರಾದರೂ ಕೇಳಿದರೆ, "ನಿನ್ನ ತಲೇಲಿದೆ" ಎಂದು ಗದರುತ್ತಿದ್ದ. ಆಮೇಲೆ ತಾನೇ ಕರೆದು ತೋರಿಸುತ್ತಿದ್ದ. ಇಂಜಿನ್ನಿನ ಎರಕದ ಭಾಗ ಯಾವುದೇ ಇರಲಿ, ಉಗಿಯ ಸಿಲಿಂಡರೋ, ಹೊಗೆಕೊಳವೆಯ ಬುಡವೋ, ಅದು ಮೊದಲು ಮರದಲ್ಲಿ ಹುಟ್ಟಬೇಕು. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ, ಎತ್ತಿ ತೆಗೆದು, ಉಳಿದ ಗುಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಲೋಹ ಆರುತ್ತ ಆರುತ್ತ ಕುಗ್ಗುತ್ತದೆ. ಆದ್ದರಿಂದ ಮಾದರಿ ಒಂದಿಷ್ಟು ದೊಡ್ಡದೇ ಇರಬೇಕು. ಎಷ್ಟು ದೊಡ್ಡದು ಎಂದು ಪ್ರತಿಸಲ ಲೆಕ್ಕ ಹಾಕುತ್ತ ಕೂತರೆ ಕೆಲಸ ಸಾಗುತ್ತದೆಯೇ? ಅದಕ್ಕೇ ಮಾದರಿಯವರ ಅಳತೆಕೋಲೇ ಬೇರೆ. ಅವರ ಮೀಟರು ಲೋಕದ ಮೀಟರಿಗಿಂತ ಕಿರುಬೆರಳಿನ ಉಗುರಿನಷ್ಟು ಉದ್ದ. ಅದನ್ನು ಅವರು ಕುಗ್ಗಿನ ಕೋಲು ಎನ್ನುತ್ತಿದ್ದರು. ಒಬ್ಬೊಬ್ಬನೂ ತನ್ನ ಕೋಲನ್ನು ತಾನೇ ಮಾಡಿಕೊಳ್ಳಬೇಕು, ಇನ್ನೊಬ್ಬ ಅದನ್ನು ಮುಟ್ಟಬಾರದು. ಹೆಂಡತಿಯ ಬಾಚಣಿಗೆಯನ್ನು ಬೇಕಾದರೆ ಎರವಲು ಕೇಳಬಹುದು, ಕೋಲು ಕೇಳುವ ಹಾಗಿಲ್ಲ.

ಕಾರ್ಖಾನೆಯಲ್ಲಿ ಒಂದೇ ಒಂದು ದೊಡ್ಡ ಕೆಲಸ ಮರದವರ ಕೈಗೆ ಬಂದಿರಲಿಲ್ಲ. ಅದು ಗಾಲಿ. ಇಂಜಿನ್ನನ್ನು ಎಳೆಯುವ, ಆಳೆತ್ತರಕ್ಕೂ ಮೀರಿದ ದೊಡ್ಡ ಗಾಲಿಗಳನ್ನು ಕುಲುಮೆಯವರು ಮಾಡುತ್ತಿದ್ದರು. ನಡುವಿನಿಂದ ಅಂಚಿಗೆ ಹೋಗುವ ಒಂದೊಂದು ಅರೆಗಾಲನ್ನೂ ಕಾಸಿ, ಬಡಿದು, ಬೆಸೆದು, ಗಾಲಿಯ ನಡುವಿನ ಗುಂಬಕ್ಕೆ ಕೂಡಿಸುತ್ತಿದ್ದರು. ಕುಲುಮೆಯ ಯಜಮಾನ ಒನೆಸಿಮ್ ದ್ಯುಫೊಸೆ. ಇವನು ಫ್ಲೋರಿಬೆರನ ಹೆಂಡತಿ ಝುಲ್ಮಾಳ ಅಣ್ಣ. ಎಮ್ಮೆಯಂಥ ಕತ್ತು, ಕಿಡಿ ಸಿಡಿದು ತೂತುಬಿದ್ದ ಗಡ್ಡ, ಊರು ಕೇಳುವಂಥ ಗಂಟಲು.

ಆ ವರ್ಷ ನಕ್ಷೆಮನೆಯ ಇಂಜಿನಿಯರ್ ಮೊಸ್ಯೂ ಲೆಸ್ಕ್ಯೂರ್ ಹೊಸ ಇಂಜಿನ್ ಬರೆದ. ಪ್ಯಾರಿಸ್ಸಿನಲ್ಲಿ ಓದಿ ಬಂದವನಾದರೂ ಕೋಟು ಕಳಚಿ ಇಂಜಿನ್ನಿನ ಅಡಿಗೆ ತೂರುವ ಮನುಷ್ಯ. ಅವನ ಇಂಜಿನ್ ಒಂದೇ ಉಗಿಯನ್ನು ಎರಡು ಸಲ ದುಡಿಸುತ್ತಿತ್ತು. ಮೊದಲು ಚಿಕ್ಕ ಸಿಲಿಂಡರುಗಳಲ್ಲಿ ಬಿಸಿಬಿಸಿಯಾಗಿ, ಅಲ್ಲಿಂದ ಹೊರಬಿದ್ದ ಮೇಲೆ ದೊಡ್ಡ ಸಿಲಿಂಡರುಗಳಲ್ಲಿ ಮತ್ತೊಮ್ಮೆ. ಕಲ್ಲಿದ್ದಲು ಕಮ್ಮಿ, ಓಟ ಹೆಚ್ಚು. ಅಂಥ ಓಟಕ್ಕೆ ಗಾಲಿ ಹಗುರಾಗಿರಬೇಕು, ಅರೆಗಾಲುಗಳು ಸಣಕಲಾಗಿರಬೇಕು, ತೂಕ ಸರಿದೂಗಿಸಲು ಅಂಚಿನೊಳಗೆ ಕೂರಿಸುವ ಅರ್ಧಚಂದ್ರಾಕಾರದ ಉಕ್ಕಿನ ಗಟ್ಟಿಯೂ ಗಾಲಿಯ ಮೈಗೇ ಹುಟ್ಟಿಕೊಂಡಿರಬೇಕು. ಸುತ್ತಿಗೆಯಿಂದ ಅದು ಆಗದು. ಉಕ್ಕನ್ನು ಕರಗಿಸಿ ಎರಕ ಹೊಯ್ಯಬೇಕು. ಎರಕ ಎಂದ ಮೇಲೆ ಮರದ ಮಾದರಿ ಬೇಕು.

ಲೆಸ್ಕ್ಯೂರ್ ಇಬ್ಬರನ್ನೂ ಕರೆಸಿ ನಕ್ಷೆ ಹಾಸಿದ.

"ಎರಕದ ಗಾಲಿ?" ಒನೆಸಿಮ್ ನಕ್ಕ. "ಮೊಸ್ಯೂ, ಇದು ಕೇಕಲ್ಲ ಅಚ್ಚಿಗೆ ಹುಯ್ಯೋಕೆ. ಬಡೀದೇ ಇರೋ ಗಾಲಿ ಮೊದಲನೇ ತಿರುವಲ್ಲೇ ಬಿರುಕು ಬಿಡತ್ತೆ."

"ನಿನ್ನ ಕುಲುಮೇಲಿ ಬೆಸುಗೆ ಬಿಟ್ಟಿದ್ದು ಎಷ್ಟು ಸಲ, ಹೇಳ್ಲಾ ಭಾವ?" ಎಂದ ಫ್ಲೋರಿಬೆರ್.

"ಬಡಗಿ, ನೀನು ಕುರ್ಚಿ ಮಾಡು."

"ಕುರ್ಚಿ ಮಾಡ್ತೀನಿ. ನಿನ್ನ ಕೆಲಸ ಹೋದ್ಮೇಲೆ ಕೂತ್ಕೊಳ್ಳೋಕೆ ನಿಂಗೆ ಬೇಕಾಗತ್ತೆ."

ಲೆಸ್ಕ್ಯೂರ್ ಮೇಜು ಕುಟ್ಟಿದ. "ಜಗಳ ಹೊರಗೆ ಆಡಿ. ವಾಲಾರ್ ಮೇಸ್ತ್ರಿ, ಮೊದಲ ಇಂಜಿನ್ನಿನ ಗಾಲಿ ನಿಮ್ಮ ಮಾದರಿಯಿಂದ. ಪಟ್ಟಾ ಏರಿಸಿದ ಮೇಲೂ ಗಾಲಿ ಗಟ್ಟಿ ನಿಂತರೆ ಮುಂದಿನವೆಲ್ಲ ನಿಮ್ಮವೇ. ಕೆಟ್ಟರೆ ಗಾಲಿಯ ಕೆಲಸ ವಾಪಸ್ಸು ಕುಲುಮೆಗೆ. ಆಮೇಲೆ ಆ ಮಾತನ್ನು ನಾನೂ ಎತ್ತೋದಿಲ್ಲ, ನೀವೂ ಎತ್ತಬೇಡಿ."

ಪಟ್ಟಾ ಎಂದರೆ ಗಾಲಿಯ ಸುತ್ತ ತೊಡಿಸುವ ಉಕ್ಕಿನ ಬಳೆ. ಹಳಿಯ ಮೇಲೆ ಉರುಳುವುದು ಅದೇ. ಗಾಲಿ ಯಾರು ಮಾಡಿದರೂ ಪಟ್ಟಾ ಏರಿಸುವುದು ಮಾತ್ರ ಒನೆಸಿಮ್‌ನ ಕೆಲಸ.

ಉಕ್ಕು ಬೀಡಿನಂತಲ್ಲ, ಅಂದರೆ ಸಿಲಿಂಡರಿಗೆಲ್ಲ ಹೊಯ್ಯುವ ಎರಕದ ಕಬ್ಬಿಣದಂತಲ್ಲ. ಬೀಡು ಕುಗ್ಗುವುದರ ಇಮ್ಮಡಿ ಕುಗ್ಗುತ್ತದೆ. ಅದು ಫ್ಲೋರಿಬೆರನಿಗೆ ಗೊತ್ತಿತ್ತು. ಗೊತ್ತಿರದೆ ಏನು? ಲ್ವಾರ್ ಕಡೆಯ ಉಕ್ಕಿನ ಎರಕದ ಮನೆಗೆ ತಾನೇ ಹೋಗಿ ಕೇಳಿಕೊಂಡು ಬಂದಿದ್ದ. ಬಂದವನೇ ಪೇರುಮರದಲ್ಲಿ ಮಡಿಸಿ ಜೇಬಿಗಿಡುವಂಥ ಹೊಸ ಕೋಲು ಕೆತ್ತಿದ, ಹಳೆಯದಕ್ಕಿಂತ ಉದ್ದದ ಮೀಟರು. "ಗುರುತು ಹಾಕ್ಕೋ ಫ್ಲೋರಿಬೆರ್, ಎರಡೂ ಒಂದೇ ಥರ ಇದಾವೆ" ಎಂದು ಪಕ್ಕದ ಮೇಜಿನ ಲೆಯಾಂದ್ರ್ ಹೇಳಿದ್ದಕ್ಕೆ, "ನನ್ನ ಕೈಗೆ ಕಣ್ಣಿದೆ, ನಿಂಗೆ ಬೇಕಿದ್ರೆ ಹಾಕ್ಕೋ" ಎಂದು ಉಗಿದ.

ಕೆಲಸ ಶುರುವಾಯಿತು. ಅಂಥ ಕೆಲಸವನ್ನು ಆ ಮಾದರಿಮನೆ ಕಂಡಿರಲಿಲ್ಲ. ಸಣ್ಣ ಸಣ್ಣ ತುಂಡುಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಜೋಡಿಸಿ ಅಂಟಿಸಿದ ಸುತ್ತಂಚು. ಗುಂಬದಿಂದ ಹೊರಟು ಅಂಚಿಗೆ ಹೋಗುವಾಗ ಮೊಣಕೈ ಹಾಗೆ ಸಪುರಾಗುವ ಅರೆಗಾಲು. ಬೇರೆ ಕಡೆಯವರೂ ಊಟದ ಹೊತ್ತಿನಲ್ಲಿ ಬ್ರೆಡ್ಡು ಕಚ್ಚುತ್ತ ಬಂದು ನೋಡಿ ಹೋಗುತ್ತಿದ್ದರು. ಮುಗಿದ ದಿನ ಲೆಯಾಂದ್ರ್ ತನ್ನ ಕೋಲು ತಂದು ಅಂಚು ಅಳೆದು, "ಕೂದಲೆಳೆಯಷ್ಟೂ ಆಚೀಚೆ ಇಲ್ಲ" ಎಂದ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ತನ್ನ ಕೋಲಿನಿಂದ ಅಳೆಯುವುದು ಅಲ್ಲಿಯ ಪದ್ಧತಿ.

ಆ ಭಾನುವಾರ ಝುಲ್ಮಾ ಒಣದ್ರಾಕ್ಷಿಯಂಥ ಕಪ್ಪು ಪ್ಲಮ್ ಹಾಕಿ ಮೊಲ ಬೇಯಿಸಿ ಅಣ್ಣನನ್ನೂ ಕರೆದಿದ್ದಳು. ಒನೆಸಿಮ್ ತೊಡೆಯ ತುಂಡನ್ನು ಮುಳ್ಳುಚಮಚದಲ್ಲಿ ಚುಚ್ಚಿ ಎತ್ತಿ ಹಿಡಿದು, "ಇದು ಎರಕದ್ದೋ, ಬಡಿದಿದ್ದೋ?" ಎಂದು ಕೇಳಿದ.

"ಸುಮ್ನೆ ತಿನ್ನು ಅಣ್ಣ."

"ಕೇಳಿದೆ ಕಣೇ. ನಿನ್ನ ಗಂಡ ಈಗ ಗಾಲಿ ಬ್ರಹ್ಮ. ನಾಳೆ ಇಡೀ ಇಂಜಿನ್ನೇ ಮರದಲ್ಲಿ ಕೆತ್ತಿ, ಎಣ್ಣೆ ಹಚ್ಚಿ, ಓಡ್ಸು ಅಂತಾನೆ."

"ಓಡ್ಸಿದ್ರೂ ನಿನ್ನ ಸೌದೆಗಾಡಿಗಿಂತ ಜೋರಾಗೇ ಓಡತ್ತೆ ಭಾವ. ಇನ್ನೊಂದು ಬಿಯರ್ ಹಾಕ್ಲಾ? ಅಳೋವಾಗ ಗಂಟಲು ಒಣಗಬಾರದು."

ಅಂಥ ಆತ್ಮವಿಶ್ವಾಸ. ಮನೆ ಹೆಂಚು ಹಾರಿಹೋಗುವಂಥದ್ದು.

ಮಾದರಿ ಲ್ವಾರ್ ಕಡೆಯ ಎರಕದ ಮನೆಗೆ ಹೋಯಿತು; ಅದು ಮರಳುವಾಗ ಜೊತೆಗೆ ಉಕ್ಕಿನ ಗಾಲಿಗಳೂ ರೈಲಿನಲ್ಲೇ ಬಂದವು. ನಾಲ್ಕೂ ನುಣುಪಾಗಿ, ಬಿರುಕಿಲ್ಲದೆ, ಚಂದ್ರಾಕಾರದ ಗಟ್ಟಿ ಮೈಗೆ ಮೈಯಾಗಿ. ಮೊದಲನೆಯದನ್ನು ಲೇತಿಗೆ ಏರಿಸಿ, ಅಂಚನ್ನು ಹೆರೆಯುವ ಮುಂಚೆ ಲೇತಿನವನು ಅಳೆದ. ಇನ್ನೊಮ್ಮೆ ಅಳೆದ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಮೇಸ್ತ್ರಿ, ಹೆರೆಯೋಕೆ ಏನೂ ಉಳಿದಿಲ್ಲ. ಗಾಲೀನೇ ಸಣ್ಣ ಆಗಿದೆ."

"ಏನಂದೆ?"

"ಸುತ್ತಲೂ ಒಂದು ಬೆರಳ ದಪ್ಪ ಕಮ್ಮಿ. ನಾಲ್ಕೂ ಹಾಗೇ."

ಸುದ್ದಿ ಕುಲುಮೆಗೆ ಹೋಗಲು ಎಷ್ಟು ಹೊತ್ತು? ಒನೆಸಿಮ್ ತೊಗಲಿನ ಏಪ್ರನ್ ಕಟ್ಟಿಕೊಂಡೇ ಬಂದ, ಹಿಂದೆ ಅವನ ಸುತ್ತಿಗೆಯವರ ದಂಡು. ಗಾಲಿಯ ಸುತ್ತ ಒಂದು ಸುತ್ತು ಹಾಕಿ, ತೊಟ್ಟಿಲು ತೂಗಿದ ಹಾಗೆ ಕೈ ಆಡಿಸಿ, "ಅಳಬೇಡ ಕಂದ, ಹಾಲು ಕುಡಿದರೆ ಬೆಳೀತೀಯ" ಎಂದ. ಇಡೀ ಲೇತ್ ಮನೆ ಗೊಳ್ಳೆಂದಿತು.

"ಉಕ್ಕಿನವರು ಕೆಡಿಸಿದ್ದಾರೆ, ಬಿಸಿ ಜಾಸ್ತಿ ಮಾಡಿರ್ತಾರೆ" ಎಂದು ಲೆಯಾಂದ್ರ್ ದಾರಿ ತೋರಿಸಿದ. ಚೆನ್ನಾದ ದಾರಿಯೇ. ಉಕ್ಕಿನವರು ದೂರ ಇದ್ದಾರೆ, ಕೇಳುವವರು ಯಾರು? ಫ್ಲೋರಿಬೆರ್ ತನ್ನ ಮಾದರಿಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಗೋಡೆಗೆ ಒರಗಿಸಿದ್ದ ಮರದ ಮಾದರಿಗೆ ಎರಡೂ ಕೋಲು ಹಿಡಿದ.

ಗುಂಬ, ಹೊಸ ಕೋಲಿನ ಪ್ರಕಾರ ಸರಿ. ಅರೆಗಾಲಿನ ದಪ್ಪ, ಸರಿ. ಚಂದ್ರದ ಗಟ್ಟಿ, ಸರಿ. ಅಂಚು ಮಾತ್ರ ಹೊಸ ಕೋಲಿಗೆ ಸುಳ್ಳು, ಹಳೆಯ ಬೀಡಿನ ಕೋಲಿಗೆ ಅಪ್ಪಟ ನಿಜ.

ಅವನಿಗೆ ನೆನಪಾಯಿತು. ಅಂಚಿನ ವೃತ್ತ ಎಳೆಯಲು ಉದ್ದನೆಯ ಕೈವಾರದ ಮುಳ್ಳನ್ನು ಒಂದೇ ಒಂದು ಸಲ ಕೋಲಿಗೆ ಹಿಡಿದು ಬಿಗಿದಿದ್ದ. ಹೊಸ ಕೋಲು ಎಡ ಜೇಬಿನಲ್ಲಿ. ಬಲಗೈ ವರ್ಷಗಟ್ಟಲೆ ಹೋದ ದಾರಿಯಲ್ಲೇ ಹಳೆಯದಿದ್ದ ಬಲ ಜೇಬಿಗೆ ಹೋಗಿತ್ತು. ಕೈಗೆ ಕಣ್ಣಿತ್ತಂತೆ! ಇನ್ನು ಲೆಯಾಂದ್ರ್ ಅಳೆದದ್ದು? ಅವನ ಹತ್ತಿರ ಇರುವುದೂ ಬೀಡಿನ ಕೋಲೇ ತಾನೆ. ತಪ್ಪು ತಪ್ಪನ್ನು ಅಳೆದು ಶಹಬಾಸ್ ಎಂದಿತ್ತು.

ಫ್ಲೋರಿಬೆರ್ ಕೊಡತಿಯನ್ನು ಗೋಡೆಗೆ ಬೀಸಿ ಎಸೆದ. ಗಾರೆ ಉದುರಿತು. ಎತ್ತಿಕೊಂಡು ಇನ್ನೊಮ್ಮೆ ಎಸೆದ. ಆಮೇಲೆ ಸ್ವಲ್ಪ ಹಗುರಾಯಿತು.

ಮನೆಗೆ ಹೋಗಿ ಚಿಕೋರಿ ಕಾಫಿಯ ಬಟ್ಟಲನ್ನು ಮುಟ್ಟದೆ ಕೂತ. ಝುಲ್ಮಾ ಎಲ್ಲ ಕೇಳಿಸಿಕೊಂಡು, "ಈಗ ಗಾಲಿ ಕರಗಿಸೋದಾ?" ಎಂದಳು.

"ಬೇಕಾಗಿಲ್ಲ. ಗಾಲಿ ಸಣ್ಣ ಆದ್ರೆ ಪಟ್ಟಾ ದಪ್ಪ ಮಾಡ್ಬೋದು. ಹೊರಗಿನ ಅಳತೆ ನಕ್ಷೇಲಿದ್ದ ಹಾಗೇ ಬರತ್ತೆ. ಆದ್ರೆ ಅಷ್ಟು ದಪ್ಪದ ಪಟ್ಟಾ ಬೇಕಲ್ಲ."

"ಅಣ್ಣನ ಹತ್ರ ಇರತ್ತೆ. ನಕ್ಷೇಲಿ ಎಷ್ಟೇ ಬರೆದಿರ್ಲಿ, ಅವನು ತರಿಸೋದು ದಪ್ಪಂದೇ. ಯಾರನ್ನೂ ನಂಬಲ್ಲ ಅವನು, ಗೊತ್ತಿಲ್ವಾ? ಹೋಗಿ ಕೇಳು."

"ಅವನ್ನ? ಆ ತೊಟ್ಟಿಲು ತೂಗಿದವನ್ನ?"

"ನೀನು ಸಣ್ಣ ಮಾಡಿದ್ದೀಯ, ಅವನು ತೂಗಿದ. ಇದರಲ್ಲಿ ಅವನ ತಪ್ಪೇನು?"

ಬೆಳಿಗ್ಗೆ ಕುಲುಮೆಯ ಬೆಂಕಿ ಏಳುವ ಹೊತ್ತಿಗೆ ಫ್ಲೋರಿಬೆರ್ ಅಲ್ಲಿದ್ದ. ಸುತ್ತಿಗೆಯವರು ಮೊಣಕೈಯಿಂದ ತಿವಿದುಕೊಂಡರು.

"ಭಾವ, ಅಂಚು ನಾನೇ ಕೆಡ್ಸಿದ್ದು. ಬೀಡಿನ ಕೋಲು ಹಿಡಿದುಬಿಟ್ಟೆ. ಉಕ್ಕಿನವರದ್ದೇನೂ ಇಲ್ಲ."

ಒನೆಸಿಮ್ ಚಿಮ್ಮಟ ಕೆಳಗಿಟ್ಟ. ಇಂಥ ಮಾತು ಫ್ಲೋರಿಬೆರನ ಬಾಯಿಂದ ಬರುತ್ತದೆ ಎಂದು ಅವನು ಎಣಿಸಿರಲಿಲ್ಲ. ಸಿದ್ಧಮಾಡಿಟ್ಟುಕೊಂಡಿದ್ದ ಗೇಲಿಯೆಲ್ಲ ವ್ಯರ್ಥವಾಯಿತು.

"ಅದಕ್ಕೆ ನಾನೇನ್ ಮಾಡ್ಲಿ? ಊದಿ ದೊಡ್ಡದು ಮಾಡ್ಲಾ?"

"ನಿನ್ನ ಹತ್ರ ದಪ್ಪ ಪಟ್ಟಾ ಇದ್ಯಂತೆ. ಒಳಗಡೆ ಹೆರೆಯೋದು ಕಮ್ಮಿ ಮಾಡಿದ್ರೆ ಇದಕ್ಕೆ ಕೂರತ್ತೆ."

"ಯಾರು ಹೇಳಿದ್ದು ದಪ್ಪ ಇದೆ ಅಂತ?" ಒನೆಸಿಮ್ ಸುತ್ತ ನೋಡಿ ದನಿ ತಗ್ಗಿಸಿದ. ಅವನ ಮಟ್ಟಿಗೆ ಅದೂ ಕೂಗೇ. "ಝುಲ್ಮಾ ಹೇಳಿದ್ಲಾ? ಅವಳ ಬಾಯಿಗೆ ಬೆಸುಗೆ ಹಾಕ್ಬೇಕು. ಆ ದಪ್ಪಕ್ಕೇ ಹೋದ ವರ್ಷ ಲೆಸ್ಕ್ಯೂರ್ ನನ್ನ ಚರ್ಮ ಸುಲಿದ, ಉಕ್ಕು ಪೋಲು ಮಾಡ್ತೀಯ ಅಂತ. ಇನ್ಮೇಲೆ ಇಲ್ಲ ಅಂದಿದ್ದೆ. ಈಗ ಹೋಗಿ, ಮೊಸ್ಯೂ, ಮತ್ತೆ ತರಿಸಿದೀನಿ ಅಂತ ನಾನೇ ಹೇಳ್ಬೇಕಾ? ಯಾಕೆ? ನನ್ನ ಕುಲುಮೆ ಕೆಲಸ ನಿಂಗೆ ಹೋಗ್ಲಿ ಅಂತಾನಾ?"

"ಹೌದು."

"ನಾಚಿಕೆ ಇಲ್ವಾ ನಿಂಗೆ?"

"ಇದೆ. ಅದಕ್ಕೇ ಬೆಳಿಗ್ಗೆ ಬೆಳಿಗ್ಗೆ ಬಂದಿದೀನಿ, ಮಧ್ಯಾಹ್ನದ ಹೊತ್ತಿಗೆ ಕೇಳೋ ಧೈರ್ಯ ಕರಗಿರತ್ತೆ. ಭಾವ, ಆ ಗಾಲಿ ನೋಡಿದ್ಯಲ್ಲ. ನಗಬೇಡ, ನಿಜ ಹೇಳು. ಅಂಚು ಬಿಟ್ಟು ಉಳಿದಿದ್ದು ಹೇಗಿದೆ?"

ಒನೆಸಿಮ್ ಗಡ್ಡ ಕೆರೆದ. ಬೆಂಕಿಗೆ ಉಗುಳಿದ. ಕೆಲಸ ಬಲ್ಲವನಿಗೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.

"ಸುಂದರವಾಗಿದೆ, ದರಿದ್ರದ್ದು" ಎಂದ.

ಇಬ್ಬರೂ ಒಟ್ಟಿಗೆ ನಕ್ಷೆಮನೆಗೆ ಹೋದರು. ಲೆಸ್ಕ್ಯೂರ್ ಎಲ್ಲ ಕೇಳಿ, ಮೊದಲು ಒಬ್ಬನ ಕಡೆ, ಆಮೇಲೆ ಇನ್ನೊಬ್ಬನ ಕಡೆ ನೋಡಿದ. "ಒಬ್ಬರು ಸಣ್ಣ ಮಾಡಿದಿರಿ. ಇನ್ನೊಬ್ಬರು ಬೇಡ ಅಂದರೂ ದಪ್ಪ ತರಿಸಿದಿರಿ. ನಾನು ನಕ್ಷೆ ಯಾಕೆ ಬರೀತೀನಿ, ಕಡಲೆಕಾಯಿ ಕಟ್ಟೋಕಾ?" ಪೆನ್ಸಿಲ್ ಹಿಡಿದು ಕೂತ. "ದಪ್ಪ ಪಟ್ಟಾ ಅಂದರೆ ಸ್ಪ್ರಿಂಗಿನ ಕೆಳಗೆ ತೂಕ. ಆ ತೂಕ ಹಳಿಗೆ ಕೊಡತಿ ಹಾಗೆ ಬಡಿಯುತ್ತೆ. ಗಾಲಿ ಹಗುರ ಮಾಡೋಕೆ ಅಂತ ಇಷ್ಟೆಲ್ಲ ಮಾಡಿ, ಕೊನೆಗೆ ಭಾರ ಮಾಡಿಟ್ಟಿರಿ." ಬರೆದ, ಹೊಡೆದುಹಾಕಿದ, ಮತ್ತೆ ಬರೆದ. "ರೈಲು ಕಂಪನಿ ಒಪ್ಪುವ ಮಿತಿಯೊಳಗಿದೆ. ಈ ನಾಲ್ಕಕ್ಕೆ ಮಾತ್ರ ಸರಿ. ಆದರೆ ಇನ್ನೊಂದಿದೆ. ಪಟ್ಟಾ ದಪ್ಪ ಆದಷ್ಟೂ ಆರುವಾಗ ಗಾಲಿಯನ್ನು ಹೆಚ್ಚು ಹಿಂಡುತ್ತೆ. ಎರಕದ ಒಳಗೆ ಎಲ್ಲಾದರೂ ಟೊಳ್ಳಿದ್ದರೆ ಅರೆಗಾಲು ಅಲ್ಲೇ ಚಟ್ ಅನ್ನುತ್ತೆ. ಹಾಗಾದರೆ ಗಾಲಿಯ ಕೆಲಸ ಕುಲುಮೆಗೆ. ನಾನು ಆಡಿದ ಮಾತು ಹಾಗೇ ಇದೆ."

ಪಟ್ಟಾ ಏರಿಸುವ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಟ್ಟಾ ನೆಲದ ಮೇಲೆ ಬೆಂಕಿಯ ಉಂಗುರದೊಳಗೆ ಮಲಗಿತ್ತು. ಕಾದು ಹಿಗ್ಗಬೇಕು, ಹಿಗ್ಗಿದಾಗ ಗಾಲಿಯನ್ನು ಅದರೊಳಗೆ ಇಳಿಸಬೇಕು. ಆಮೇಲೆ ಅದು ಆರಿ, ಕುಗ್ಗಿ, ಯಾರ ಅಪ್ಪನಿಗೂ ಕೀಳಲಾಗದ ಹಾಗೆ ಹಿಡಿದುಕೊಳ್ಳುತ್ತದೆ. ಒನೆಸಿಮ್ ಪೈನ್ ಮರದ ಚಕ್ಕೆಯನ್ನು ಪಟ್ಟಾಗೆ ತೀಡಿ ನೋಡಿದ. ಚಕ್ಕೆ ಹೊಗೆಯಾಡಿ ಕಂದಿತು. "ಇಳಿಸ್ರೋ!" ಎಂದು ಕೂಗಿದ. ಸರಪಳಿ ಕಿರುಗುಟ್ಟಿತು, ಗಾಲಿ ತೂಗುತ್ತ ಬಂತು, ಅಂಚು ಹೊಕ್ಕಿತು, ಕೂತಿತು.

ಇನ್ನು ಕಾಯಬೇಕು. ಆರುವ ಉಕ್ಕು ಸದ್ದು ಮಾಡುತ್ತದೆ. ಟಿಕ್ ಎನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಟಿಕ್ ಎನ್ನುತ್ತದೆ. ಫ್ಲೋರಿಬೆರ್ ಹಿಂದೆ ಸರಿಯಲಿಲ್ಲ, ಗುಂಬಕ್ಕೆ ಎದೆ ಕೊಟ್ಟವನ ಹಾಗೆ ಹತ್ತಿರವೇ ನಿಂತಿದ್ದ. ಅಂಚು ಸಣ್ಣ ಮಾಡಿರಬಹುದು. ಅರೆಗಾಲಿನ ಬುಡದಲ್ಲಿ ಲೋಹ ತಡೆಯಿಲ್ಲದೆ ಹರಿಯಲು ತಾನು ಬಿಟ್ಟ ತಿರುವು ಅವನಿಗೆ ಗೊತ್ತಿತ್ತು. ಅಲ್ಲಿ ಟೊಳ್ಳು ಹುಟ್ಟುವುದಿಲ್ಲ. ಹುಟ್ಟಬಾರದು.

ಗಾಲಿ ಪೂರ್ತಿ ಆರಿದ ಮೇಲೆ ಅದನ್ನು ಸರಪಳಿಯಲ್ಲಿ ಎತ್ತಿ ನಿಲ್ಲಿಸಿದರು. ಲೆಸ್ಕ್ಯೂರ್ ಒನೆಸಿಮ್ ಕಡೆ ತಿರುಗಿ, "ನೀವೇ ಬಡಿದು ಹೇಳಿ" ಎಂದ.

ಗುಂಪಿನಲ್ಲಿ ಗುಸುಗುಸು ಎದ್ದಿತು. ಗಾಲಿ ಕೆಟ್ಟರೆ ಲಾಭ ಯಾರಿಗೋ ಅವನ ಕೈಗೇ ಸುತ್ತಿಗೆ! ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಕೇಳಬೇಕು. ಅಲ್ಲಿ ಒನೆಸಿಮ್‌ನಂಥ ಕಿವಿ ಇನ್ನೊಂದಿರಲಿಲ್ಲ. ಅವನು 'ಒಡೆದಿದೆ' ಎಂದರೆ ಒಡೆದಂತೆಯೇ.

ಒನೆಸಿಮ್ ಸಣ್ಣ ಸುತ್ತಿಗೆ ತೆಗೆದುಕೊಂಡ. ಮೊದಲನೇ ಅರೆಗಾಲಿಗೆ ತಟ್ಟಿದ. ಗಂಟೆಯ ಹಾಗೆ ನಾದ ಬಂತು. ಮುಂದಿನದು. ಅದೂ ಹಾಗೆ. ಒಂದೊಂದನ್ನೂ ತಟ್ಟುತ್ತ, ಕಿವಿ ಒಡ್ಡುತ್ತ ಬಂದ. ಚಂದ್ರದ ಗಟ್ಟಿಯ ಪಕ್ಕದ ಅರೆಗಾಲಿನ ಹತ್ತಿರ ನಿಂತ. ತಟ್ಟಿದ. ನಾದ ಮಂದವಾಗಿ ಬಂತು. ಮತ್ತೆ ತಟ್ಟಿದ, ಮತ್ತೆ ಮಂದ. ಅವನ ಸುತ್ತಿಗೆಯವರ ಮುಖ ಅರಳಿತು. ಲೆಸ್ಕ್ಯೂರ್ ಕನ್ನಡಕ ಸರಿಪಡಿಸಿಕೊಂಡ.

ಫ್ಲೋರಿಬೆರ್, "ಚಂದ್ರದ ಗಟ್ಟಿ ಪಕ್ಕದಲ್ಲಿದೆ, ಅದಕ್ಕೇ ದನಿ ಇಂಗುತ್ತೆ" ಎನ್ನಲು ಬಾಯಿ ತೆರೆದ.

"ಬಾಯ್ಮುಚ್ಚೋ ಬಡಗಿ, ನಂಗೆ ಕೇಳ್ಬೇಕು!" ಎಂದು ಒನೆಸಿಮ್ ಗುಡುಗಿ, ಕಿವಿಯನ್ನು ಅರೆಗಾಲಿಗೇ ಒತ್ತಿ, ಮೇಲಿನಿಂದ ಕೆಳಗಿನವರೆಗೆ ಬೆರಳು ಬೆರಳಿಗೂ ತಟ್ಟಿದ. ಆಮೇಲೆ ಗಟ್ಟಿಯ ಇನ್ನೊಂದು ಬದಿಯ ಅರೆಗಾಲಿಗೆ ಹೋಗಿ ಅಲ್ಲೂ ಹಾಗೇ ಮಾಡಿದ. ಎರಡರ ದನಿಯೂ ಒಂದೇ. ನೆಟ್ಟಗೆ ನಿಂತು, ಸುತ್ತಿಗೆಯನ್ನು ಹೆಗಲ ಮೇಲಿಟ್ಟುಕೊಂಡ.

"ಬಿರುಕಿಲ್ಲ. ಚಂದ್ರದ ಗಟ್ಟಿ ದನೀನ ಕುಡಿಯುತ್ತೆ ಅಷ್ಟೆ. ಗಾಲಿ ಸರಿಯಾಗಿದೆ ಮೊಸ್ಯೂ." ತನ್ನವರ ಕಡೆ ತಿರುಗಿ, "ಏನ್ರೋ ನೋಡ್ತೀರಾ? ಇಲ್ಲದಿರೋ ಬಿರುಕನ್ನ ನಾನು ಎಲ್ಲಿಂದ ತರ್ಲಿ? ಇನ್ನೂ ಮೂರು ಪಟ್ಟಾ ಇದಾವೆ, ಬೆಂಕಿ ಹಾಕ್ರೋ" ಎಂದು ರೇಗಿದ.

ಲೆಸ್ಕ್ಯೂರ್ ಫ್ಲೋರಿಬೆರನಿಗೆ, "ಉಳಿದ ಮೂರೂ ಹೀಗೇ ನಿಂತರೆ ಮುಂದಿನ ಇಂಜಿನ್ನುಗಳ ಗಾಲಿ ನಿಮ್ಮವು. ಆದರೆ ಈ ಮಾದರಿ ಒಲೆಗೆ. ಹೊಸದು ಮಾಡಿ. ನಕ್ಷೆಯಲ್ಲಿ ಇದ್ದ ಹಾಗೆ" ಎಂದ.

ಉಳಿದ ಮೂರೂ ನಿಂತವು. ಅಂಗಳ ಖಾಲಿಯಾಗುತ್ತಿದ್ದಂತೆ ಒನೆಸಿಮ್ ಮುಖ ಒರೆಸಿಕೊಳ್ಳುತ್ತ ಬಂದ.

"ಜಾಸ್ತಿ ಹಿಗ್ಗಬೇಡ. ಹಳಿ ಮೇಲೆ ಓಡೋದು ನನ್ನ ಪಟ್ಟಾ. ನಿನ್ನ ಗಾಲಿ ಅದರ ಒಳಗೆ ಕೂತ್ಕೊಂಡು ಸವಾರಿ ಮಾಡತ್ತೆ ಅಷ್ಟೆ."

"ಮಾಡ್ಲಿ ಬಿಡು, ಕೂರೋಕೆ ನಾನು ಮಾಡೋ ಕುರ್ಚಿಗಿಂತ ನಿನ್ನ ಪಟ್ಟಾ ಮೇಲು ಅಂತ ಒಪ್ಪಿದೆ. ಭಾವ, ಒಂದು ಮಾತು."

"ಏನು, ಥ್ಯಾಂಕ್ಸ್ ಹೇಳ್ತೀಯಾ? ಹೇಳ್ಬೇಡ, ನಂಗೆ ಹೊಟ್ಟೆ ತೊಳಸತ್ತೆ."

"ಅದಲ್ಲ. ಮುಂದಿನ ಸಲ ಪಟ್ಟಾ ತೆಳ್ಳಗೇ ತರ್ಸು. ನಂಗೆ ನಿನ್ನ ದಪ್ಪ ಬೇಕಾಗಲ್ಲ."

ಒನೆಸಿಮ್ ಏನೋ ಬೈದ. ಇಲ್ಲಿ ಬರೆಯುವಂಥದ್ದಲ್ಲ. ಫ್ಲೋರಿಬೆರ್ ಅದನ್ನು ಪೂರ್ತಿ ಕೇಳಿಸಿಕೊಳ್ಳಲೂ ನಿಲ್ಲದೆ ಮರದ ಕೊಟ್ಟಿಗೆಗೆ ಹೋಗಿದ್ದ. ಅಲ್ಲಿ ಹಲಗೆಗಳನ್ನು ಒಂದೊಂದಾಗಿ ಎಳೆದು, ಮೂಸಿ, ಉಗುರಿನಲ್ಲಿ ಕೆರೆದು, ಇದು ಹಸಿ, ಇದು ಗಂಟು, ಇಂಥ ಮರ ಇಟ್ಟುಕೊಂಡರೆ ಉಕ್ಕಿನ ಗಾಲಿ ಮಾಡೋದು ಹೇಗೆ ಎಂದು ಕೊಟ್ಟಿಗೆಯವನ ಮೇಲೆ ಹರಿಹಾಯುತ್ತಿದ್ದ.